ಜೇಧೆ ಶಕಾವಳಿ: ತಿಥಿ ಬರೆದಿಟ್ಟವರ ಸಾಕ್ಷ್ಯ

ಪುಣೆ ಜಿಲ್ಲೆಯ ಭೋರ್ ತಾಲ್ಲೂಕಿನಲ್ಲಿ, ರಾಯರೇಶ್ವರ ಬೆಟ್ಟದ ಆಸುಪಾಸಿನಲ್ಲಿ, ಕಾರಿ ಎಂಬ ಊರಿದೆ. ರೋಹಿಡಖೋರೆಯ ದೇಶಮುಖರಾಗಿದ್ದ ಜೇಧೆ ಮನೆತನದ ಊರದು. ಅವರ ಮನೆಯಲ್ಲಿ ಉಳಿದುಬಂದಿದ್ದ ಕಾಗದಗಳಲ್ಲಿ ಒಂದು ಬಾಲಗಂಗಾಧರ ತಿಲಕರ ಕೈ ಸೇರಿ 1916ರಲ್ಲಿ ಅಚ್ಚಾಯಿತು. ಅದೇ ‘ಜೇಧೆ ಶಕಾವಳಿ’. ಶಕ 1540ರಿಂದ 1619ರವರೆಗೆ, ಅಂದರೆ ಕ್ರಿ.ಶ. 1618ರಿಂದ 1697ರವರೆಗೆ, ಯಾವ ವರ್ಷ, ಯಾವ ತಿಂಗಳು, ಯಾವ ತಿಥಿಗೆ ಏನಾಯಿತು ಎಂಬ ಟಿಪ್ಪಣಿಗಳ ಸರಣಿ. ಬಿಜಾಪುರದ ಆದಿಲಶಾಹಿಗೂ ಶಿವಾಜಿಗೂ ನಡೆದ ಯುದ್ಧಗಳನ್ನು ಅರಿಯಬೇಕೆನ್ನುವ ಕನ್ನಡಿಗರು ಮೊದಲು ತೆರೆಯಬೇಕಾದ ಆಕರಗಳಲ್ಲಿ ಇದೊಂದು.

ಇದರಲ್ಲಿ ವರ್ಣನೆಯಿಲ್ಲ, ವೀರಾವೇಶದ ಮಾತುಗಳಿಲ್ಲ. ಅದೇ ಇದರ ದೊಡ್ಡ ಗುಣ. ಎರಡು ರಾಜ್ಯಗಳ ವೈರ ಸಾಮಾನ್ಯವಾಗಿ ನಮ್ಮನ್ನು ತಲುಪುವುದು ಎಷ್ಟೋ ಕಾಲದ ಮೇಲೆ, ಗೆದ್ದ ಪಕ್ಷದವರ ಬಾಯಲ್ಲಿ. ಪೂರ್ವದ ಪೊಂಟಸ್ ರಾಜ ಆರನೆಯ ಮಿಥ್ರಿಡೇಟಿಸನ ಮೇಲೆ ರೋಮ್ ಕ್ರಿ.ಪೂ. 89ರಿಂದ 63ರವರೆಗೆ ಮೂರು ಯುದ್ಧ ಹೂಡಿತು. ಅದರ ಮುಖ್ಯ ಕಥನ ನಮಗೆ ಸಿಗುವುದು ಅಪ್ಪಿಯನ್‌ನಲ್ಲಿ. ಅವನು ಬರೆದದ್ದು ಸುಮಾರು ಇನ್ನೂರು ವರ್ಷ ಕಳೆದ ಮೇಲೆ. ಏಷ್ಯಾ ಮೈನರಿನಲ್ಲಿ ಆ ರಾಜ ಕೊಲ್ಲಿಸಿದ ಇಟಲಿಯವರ ಸಂಖ್ಯೆ ವಲೇರಿಯಸ್ ಮ್ಯಾಕ್ಸಿಮಸ್‌ನಲ್ಲಿ 80 ಸಾವಿರ, ಪ್ಲುಟಾರ್ಕ್‌ನಲ್ಲಿ ಒಂದೂವರೆ ಲಕ್ಷ. ಪೊಂಟಸ್‌ನ ಕಡೆಯವರು ಬರೆದ ಇತಿಹಾಸವೊಂದೂ ಉಳಿದಿಲ್ಲವಾದ್ದರಿಂದ ಯಾವ ಲೆಕ್ಕವನ್ನೂ ಸರಿನೋಡುವ ದಾರಿಯಿಲ್ಲ. ದಖ್ಖನದ ನಾವು ಅಷ್ಟು ಬಡವರಲ್ಲ. ನಮ್ಮಲ್ಲಿ ಎರಡೂ ಕಡೆಯ ಸಾಕ್ಷ್ಯಗಳಿವೆ.

ಶಕಾವಳಿಯ ಬೆಲೆ ತಿಳಿಯಲು ಒಂದು ನಮೂದು ಸಾಕು. ಶಿವಾಜಿ ಹುಟ್ಟಿದ್ದು 1627ರಲ್ಲಿ ಎಂದೇ ಬಹುಕಾಲ ನಂಬಿದ್ದರು. ಶಕಾವಳಿ ಹೇಳಿದ್ದು ಶಕ 1551ರ ಫಾಲ್ಗುಣ ವದ್ಯ ತದಿಗೆ, ಅಂದರೆ 1630ರ ಫೆಬ್ರುವರಿ 19. ಪರಮಾನಂದನ ಸಂಸ್ಕೃತ ಕಾವ್ಯ ‘ಶಿವಭಾರತ’ವೂ ಅದನ್ನೇ ಹೇಳುತ್ತದೆಂದು ಗೊತ್ತಾದಾಗ ಹಳೆಯ ದಿನಾಂಕ ಬಿದ್ದುಹೋಯಿತು. ಉತ್ಪ್ರೇಕ್ಷೆ ತುಂಬಿದ ಹತ್ತು ಬಖರುಗಳು (ಮರಾಠಿ ಗದ್ಯ ಚರಿತ್ರೆಗಳು) ಮಾಡಲಾಗದ ಕೆಲಸವನ್ನು ಒಂದು ಸಾಲಿನ ಟಿಪ್ಪಣಿ ಮಾಡಿತು. ಹಾಗೆಂದು ಇದು ಪ್ರಶ್ನಾತೀತವಲ್ಲ. ನಮಗೆ ದಕ್ಕಿರುವುದು ನಕಲು. ಪ್ರತಿಯೊಂದು ತಿಥಿಯನ್ನೂ ಪಂಚಾಂಗದೊಂದಿಗೆ ತಾಳೆ ನೋಡಿಯೇ ಮುಂದೆ ಹೋಗಬೇಕು.

ಇದರ ಜೊತೆಗೆ ಓದಬೇಕಾದದ್ದು ಅದೇ ಮನೆಯ ‘ಜೇಧೆ ಕರೀನಾ’. ಅದು ಮನೆತನದ ಚರಿತ್ರೆ, ವತನದ ಹಕ್ಕನ್ನು ಸಾರಲು ಬರೆದದ್ದು. ಕಾನ್ಹೋಜಿ ಜೇಧೆ ಶಿವಾಜಿಯ ತಂದೆ ಶಹಾಜಿಯ ಜೊತೆ ಕರ್ನಾಟಕದಲ್ಲಿದ್ದವನು. 1648ರಲ್ಲಿ ಜಿಂಜಿಯ ಬಳಿ ಮುಸ್ತಫಾ ಖಾನ್ ಶಹಾಜಿಯನ್ನು ಸೆರೆಹಿಡಿದಾಗ ಇವನೂ ಸೆರೆಯಾದ. ಬಿಡುಗಡೆಯಾದ ಮೇಲೆ, ಪುಣೆಯ ಪಶ್ಚಿಮದ ಕಣಿವೆನಾಡಾದ ಮಾವಳದಲ್ಲಿರುವ ಮಗನ ಜೊತೆ ನಿಲ್ಲು ಎಂದು ಶಹಾಜಿ ಅವನನ್ನು ಕಳಿಸಿಕೊಟ್ಟ. ಹತ್ತು ವರ್ಷದ ನಂತರ, 1659ರ ಜೂನ್‌ನಲ್ಲಿ, ಶಿವಾಜಿಯ ಮೇಲೆ ಹೊರಟಿದ್ದ ಬಿಜಾಪುರದ ಸರದಾರ ಅಫ್ಜಲ್ ಖಾನನ ಸೈನ್ಯವನ್ನು ಸೇರು ಎಂದು ಎರಡನೆಯ ಅಲಿ ಆದಿಲಶಹನ ಫರ್ಮಾನು ಬಂತು. ಕಾನ್ಹೋಜಿ ಅದನ್ನು ತೆಗೆದುಕೊಂಡು ಐವರು ಮಕ್ಕಳೊಂದಿಗೆ ಶಿವಾಜಿಯ ಬಳಿ ಹೋಗಿ ವತನದ ಮೇಲೆ ನೀರು ಬಿಟ್ಟ. ಮೊಮ್ಮಕ್ಕಳು ಮುಂದೆ ಹಕ್ಕು ಕೇಳುವಾಗ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ಅದಕ್ಕೇ ಇಲ್ಲಿ ಓದುಗರು ಎಚ್ಚರವಾಗಿರಬೇಕು.

ಆದರೂ ನಾನು ಈ ಕಾಗದವನ್ನು ನಂಬುವುದಕ್ಕೆ ಒಂದು ಕಾರಣವಿದೆ. 1660ರ ಜುಲೈನಲ್ಲಿ ಬಿಜಾಪುರದ ಸರದಾರ ಸಿದ್ದಿ ಜೌಹರನ ಮುತ್ತಿಗೆಯಿಂದ ಪನ್ಹಾಳ ಬಿಟ್ಟು ಶಿವಾಜಿ ವಿಶಾಳಗಡಕ್ಕೆ ಹೊರಟಾಗ, ಬಾಜಿಪ್ರಭು ಮತ್ತು ಹಿರಡಸ ಮಾವಳದ ಬಾಂದಲರ ದಳ ಘೋಡಖಿಂಡಿಯಲ್ಲಿ ಬಿಜಾಪುರದ ಸೈನ್ಯವನ್ನು ತಡೆದು ಸತ್ತರು. ಅದಾದ ಮೇಲೆ ದರ್ಬಾರಿನಲ್ಲಿ ಜೇಧೆಯರಿಗಿದ್ದ ಮೊದಲ ಮರ್ಯಾದೆ ಬಾಂದಲರಿಗೆ ಹೋಯಿತು. ಇದನ್ನು ದಾಖಲಿಸಿದ್ದು ಜೇಧೆಯರ ಕರೀನಾ! ತಮ್ಮ ಮನೆಯ ಮಾನ ನೆರೆಮನೆಗೆ ಹೋದದ್ದನ್ನು ಮರೆಮಾಚದೆ ಬರೆದವರ ಮಾತಿಗೆ ತೂಕವಿದೆ.

ಭೋರ್ ಸುತ್ತಲಿನ ಈ ಕಣಿವೆಗಳು ಇನ್ನೊಂದು ವಿಷಯವನ್ನೂ ಕಲಿಸುತ್ತವೆ. ಕಾರಿಯ ಜೇಧೆ ಶಿವಾಜಿಯ ಕಡೆ. ಹತ್ತಿರದ ಉತ್ರೌಳಿಯ ಖಂಡೋಜಿ ಖೋಪಡೆ ಅಫ್ಜಲ್ ಖಾನನ ಕಡೆ. ಖಾನನ ವಕೀಲ ಕೃಷ್ಣಾಜಿ ಭಾಸ್ಕರ. ಈ ಯುದ್ಧವನ್ನು ಎರಡು ಧರ್ಮಗಳ ಕಾಳಗವೆಂದೋ, ಎರಡು ಭಾಷೆಗಳ ಜಗಳವೆಂದೋ ಬಣ್ಣಿಸುವ ಭಾಷಣಗಳು ಈ ಹೆಸರುಗಳ ಮುಂದೆ ನಿಲ್ಲಲಾರವು. ವತನ, ಕೋಟೆ, ಕಂದಾಯ, ನಿಷ್ಠೆ ಇವುಗಳ ಸುತ್ತ ಮನೆಮನೆಯೂ ತನ್ನ ನಿರ್ಧಾರ ತಾನೇ ಮಾಡಿಕೊಂಡ ಕಾಲ ಅದು.

ಶಕಾವಳಿಯ ಮಿತಿಯೂ ಅಲ್ಲೇ ಇದೆ. ಅದು ಮಾವಳದ ಅಂಗಳದಲ್ಲಿ ನಿಂತು ನೋಡುತ್ತದೆ. ಬಿಜಾಪುರದ ಅರ್ಧ ಗಮನ ಆಗ ದಕ್ಷಿಣದತ್ತ ಇತ್ತೆಂಬುದು ಅಲ್ಲಿಂದ ಪೂರ್ತಿ ಕಾಣುವುದಿಲ್ಲ. ಅಫ್ಜಲ್ ಖಾನನ ಹೆಸರು ಸಿರಾದ ಕಸ್ತೂರಿ ರಂಗನಾಯಕನ ಕೊಲೆಯೊಂದಿಗೂ ಅಂಟಿಕೊಂಡಿದೆ. ಶಹಾಜಿಯ ಬಿಡುಗಡೆಗೆ ತೆತ್ತ ಬೆಲೆಯಲ್ಲಿ ಕೊಂಡಾಣ ಕೋಟೆಯ ಜೊತೆ ಬೆಂಗಳೂರೂ ಸೇರಿತ್ತು. ಅದೇ ಶಹಾಜಿ 1664ರ ಜನವರಿಯಲ್ಲಿ ಕುದುರೆಯಿಂದ ಬಿದ್ದು ಸತ್ತದ್ದು ಇಂದಿನ ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಸಮಾಧಿ ಇಂದಿಗೂ ಅಲ್ಲಿದೆ. ಈ ಭಾಗ ತುಂಬಬೇಕಾದರೆ ಆಸ್ಥಾನದ ‘ಮುಹಮ್ಮದ್‌ನಾಮಾ’ ಬೇಕು, ಅಲಿ ಆದಿಲಶಹನ ಯುದ್ಧಗಳನ್ನು ದಖ್ಖನಿಯಲ್ಲಿ ಹಾಡಿದ ನುಸ್ರತಿಯ ‘ಅಲಿನಾಮಾ’ ಬೇಕು, 19ನೆಯ ಶತಮಾನದ ‘ಬಸಾತೀನುಸ್ಸಲಾತೀನ್’ ಬೇಕು. ಅವುಗಳಲ್ಲಿ ಹೊಗಳಿಕೆ ಹೆಚ್ಚು, ತಿಥಿ ಕಡಿಮೆ. ಶಕಾವಳಿಯಲ್ಲಿ ತಿಥಿ ಹೆಚ್ಚು, ಬಿಜಾಪುರದ ಮನಸ್ಸು ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ನೀಗುತ್ತದೆ.

ಕಾಲನಿರ್ಣಯಕ್ಕೆ ಶಕಾವಳಿ ಮೇಲ್ಮಟ್ಟದ ಆಕರ. ಯುದ್ಧದ ಕಾರಣ ಹುಡುಕುವವರಿಗೆ ಅದೊಂದೇ ಸಾಲದು. ವಿಜಯಪುರ ನಮ್ಮದು, ಹೊದಿಗೆರೆ ನಮ್ಮದು, ಈ ಚರಿತ್ರೆಯ ಅರ್ಧ ನಮ್ಮ ನೆಲದ್ದು. ಮೋಡಿ ಲಿಪಿ, ಫಾರಸಿ, ದಖ್ಖನಿ ಬಲ್ಲ ನಮ್ಮ ವಿದ್ವಾಂಸರು ಒಟ್ಟಿಗೆ ಕುಳಿತು, ಶಕಾವಳಿಯನ್ನೂ ಬಿಜಾಪುರದ ಆಕರಗಳನ್ನೂ ವರ್ಷವರ್ಷಕ್ಕೆ ಎದುರುಬದುರಾಗಿ ಜೋಡಿಸಿ, ಟಿಪ್ಪಣಿ ಸಹಿತ ಕನ್ನಡದಲ್ಲಿ ಕೊಡಬೇಕು. ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.