ಸುರಕ್ಷಾಸಂಸ್ಕೃತಿಯ ಅಳತೆಗೋಲು: ಒಂದು ವಿಮರ್ಶೆ

‘ಸುರಕ್ಷಾಸಂಸ್ಕೃತಿ’ ಎಂಬ ಮಾತು ವೈದ್ಯಶಾಸ್ತ್ರದಲ್ಲಿ ಹುಟ್ಟಿದ್ದಲ್ಲ. 1986ರ ಚೆರ್ನೋಬಿಲ್ ದುರಂತದ ಕಾರಣಗಳನ್ನು ವಿಚಾರಿಸಿದವರು ಅದನ್ನು ಬಳಕೆಗೆ ತಂದರು. ಆಸ್ಪತ್ರೆಗಳು ಅದನ್ನು ಆಮೇಲೆ ಎರವು ಪಡೆದುವು. ಯಂತ್ರವೂ ನಿಯಮವೂ ಸರಿಯಾಗಿದ್ದರೆ ಸಾಲದು, ಕೂಡಿ ದುಡಿಯುವವರಲ್ಲಿ ಅಪಾಯವನ್ನು ಕಂಡೊಡನೆ ಒಬ್ಬರಿಗೊಬ್ಬರು ಹೇಳುವ ರೂಢಿಯೂ ಇರಬೇಕು ಎಂಬುದು ಅದರ ತಿರುಳು. ಈ ರೂಢಿಯನ್ನು ಅಳೆಯಲು ಬಳಕೆಯಲ್ಲಿರುವ ಸಾಧನಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಸರ್ಕಾರಿ ಸಂಸ್ಥೆಯೊಂದು 2004ರಲ್ಲಿ ಹೊರತಂದು 2019ರಲ್ಲಿ ಪರಿಷ್ಕರಿಸಿದ ಪ್ರಶ್ನಾವಳಿ. ಆಸ್ಪತ್ರೆಯ ನೌಕರರು ಅದರ ಒಂದೊಂದು ವಾಕ್ಯವನ್ನೂ ಎಷ್ಟರಮಟ್ಟಿಗೆ ಒಪ್ಪುವರೆಂಬುದನ್ನು ಗುರುತಿಸುತ್ತಾರೆ. ಅನುಕೂಲವಾದ ಉತ್ತರಗಳು ನೂರಕ್ಕೆ 75ನ್ನು ಮುಟ್ಟಿದರೆ ಅದನ್ನು ಆ ಸಂಸ್ಥೆಯ ಬಲವೆಂದು ಗಣಿಸುವುದು ವಾಡಿಕೆ.

ಅಳೆಯಬಾರದೆಂದು ನಾವು ಹೇಳುವವರಲ್ಲ. ನಮ್ಮ ಆಕ್ಷೇಪವಿರುವುದು ಅಳತೆಯ ಮಾತಿನ ಬಗ್ಗೆ. ತೇರದಾಳದಂಥ ಊರಿನ ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯನ್ನು ಕಲ್ಪಿಸಿಕೊಳ್ಳೋಣ. ವೈದ್ಯರು, ನರ್ಸು, ಆಯಾ, ಬಸುರಿಯನ್ನು ಕರೆತಂದ ಆಶಾ ಕಾರ್ಯಕರ್ತೆ—ಇಷ್ಟೇ ತಂಡ. ಹೆರಿಗೆಯಾದ ಮೇಲೆ ರಕ್ತಸ್ರಾವ ಮಿತಿಮೀರುತ್ತಿದೆಯೆಂದು ನರ್ಸಿಗೆ ತೋರುತ್ತದೆ. ಆಕೆ “ಸರ, ಇದೊಂದು ಸಲ ನೋಡ್ರಿ” ಎನ್ನುತ್ತಾಳೆ. ಜಮಖಂಡಿ ಮುಧೋಳದ ಕಡೆಯ ಕಿವಿಗೆ ಇದು ವಿನಂತಿಯೂ ಹೌದು, ಎಚ್ಚರಿಕೆಯೂ ಹೌದು. ಅದೇ ನರ್ಸಿನ ಕೈಗೆ ಪ್ರಶ್ನಾವಳಿ ಬಂದು, ಮೇಲಿನವರ ನಿರ್ಧಾರವನ್ನು ನೀವು ಪ್ರಶ್ನಿಸುವಿರಾ ಎಂದು ಕೇಳಿದರೆ ಆಕೆ ‘ಇಲ್ಲ’ ಎಂದೇ ಗುರುತು ಹಾಕುವಳು. ಕನ್ನಡದಲ್ಲಿ ದೊಡ್ಡವರನ್ನು ಪ್ರಶ್ನಿಸುವುದೆಂದರೆ ಎದುರುಮಾತಾಡುವುದು. ದಿನವೂ ಮಾಡುವ ಕೆಲಸವನ್ನು ಆಕೆ ಮಾಡುವುದೇ ಇಲ್ಲವೆಂದು ಅಳತೆ ಹೇಳಿದಂತಾಯಿತು. ಆ ವಿನಯದ ಮಾತು ಎಲ್ಲ ವೇಳೆಗೂ ಸಾಕೆಂದು ಇದರ ಅರ್ಥವಲ್ಲ. ಅವಸರದಲ್ಲಿರುವ ವೈದ್ಯರಿಗೆ ಅದು ಬರಿಯ ವಿನಂತಿಯಾಗಿ ಕೇಳಿಸುವ ಅಪಾಯ ಇದ್ದೇ ಇದೆ. ಆದರೆ ಮೌನ ಬೇರೆ, ಮೆಲುಮಾತು ಬೇರೆ. ಈ ಎರಡನ್ನು ಒಂದೇ ಎಂದೆಣಿಸುವ ಸಾಧನದಿಂದ ಯಾವ ಸುಧಾರಣೆಯನ್ನು ಆರಂಭಿಸಲಾದೀತು?

‘ತಪ್ಪು’ ಎಂಬ ಪದದ ತೊಡಕು ಇನ್ನೂ ದೊಡ್ಡದು. ಇಂಗ್ಲಿಷಿನಲ್ಲಿ ಜಾರಿಕೆಗೊಂದು, ದೋಷಕ್ಕೊಂದು, ಅಪರಾಧಕ್ಕೊಂದು ಪದವಿದ್ದರೆ ನಮ್ಮಲ್ಲಿ ‘ತಪ್ಪು’ ಮೂರನ್ನೂ ಹೊತ್ತು ನಡೆಯುತ್ತದೆ; ತಪ್ಪಿಗೆ ದಂಡ ಬೆನ್ನಹಿಂದೆಯೇ ಬರುತ್ತದೆ. ಅದರ ಜೊತೆಗೆ ‘ವರದಿ ಮಾಡು’ ಸೇರಿತೆಂದರೆ, ಕಚೇರಿಯ ರೂಢಿಯಲ್ಲಿ, ಜೊತೆಯವರ ಮೇಲೆ ದೂರು ಒಯ್ಯುವುದೆಂದೇ ಅರ್ಥ. ‘ಕೈತಪ್ಪು’, ‘ಕಣ್ತಪ್ಪು’ ಎಂಬ ಕಳಂಕವಿಲ್ಲದ ಮಾತುಗಳು ನಮ್ಮಲ್ಲಿರುವಾಗ ಅನುವಾದಕರು ಅವನ್ನು ಬಿಟ್ಟು ಸಂಸ್ಕೃತದ ‘ದೋಷ’, ‘ಪ್ರಮಾದ’ಗಳಿಗೆ ಕೈಚಾಚಬೇಕಾದ ಕಾರಣ ನಮಗೆ ಕಾಣದು. ಕೂದಲೆಳೆಯಲ್ಲಿ ಪಾರಾದ ಸಂಗತಿಯನ್ನು ನಾವು ‘ಅಪಾಯ ತಪ್ಪಿತು’ ಎನ್ನುತ್ತೇವೆ. ಅದೇ ಧಾತು ಇಲ್ಲಿ ಸಮಾಧಾನದ ಉಸಿರಾಗುವುದು ಕುತೂಹಲಕರ.

ಅಂಕಿಗಳ ಓದಿನಲ್ಲಿಯೂ ಎಚ್ಚರ ಬೇಕು. ಔಷಧ ಕೊಡುವಲ್ಲಿ ಆಗುವ ಕೈತಪ್ಪುಗಳನ್ನು ಕುರಿತು ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಯಕತ್ವವೂ ಪರಸ್ಪರ ನಂಬಿಕೆಯೂ ಚೆನ್ನಾಗಿದ್ದ ವಾರ್ಡುಗಳಲ್ಲೇ ಹೆಚ್ಚು ಕೈತಪ್ಪುಗಳು ದಾಖಲಾಗಿದ್ದುವು. ಅಲ್ಲಿಯವರು ಹೆಚ್ಚು ತಪ್ಪುತ್ತಿದ್ದರೆಂದಲ್ಲ, ಹೇಳಲು ಅಂಜುತ್ತಿರಲಿಲ್ಲ ಎಂಬುದು ಆಕೆಯ ವಿವರಣೆ. ಹಾಗಾದರೆ ಖಾಲಿಯಾಗಿರುವ ರಿಜಿಸ್ಟರನ್ನು ನೋಡಿ ತೃಪ್ತಿಪಡುವ ಮೇಲಧಿಕಾರಿ ಏನನ್ನು ನೋಡುತ್ತಿದ್ದಾನೆ? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ರಕ್ತನಾಳದ ಮೂಲಕ ಕೊಟ್ಟ ದ್ರಾವಣದ ಮೇಲೆ ಶಂಕೆ ಹೋದಾಗ, ನಾಡೆಲ್ಲ ಕೇಳಿದ್ದು ‘ಯಾರ ತಪ್ಪು’ ಎಂದು. ಕೇಳಲೇಬೇಕಾದ ಪ್ರಶ್ನೆಯೇ ಅದು. ಆದರೆ ಮೊದಲ ಅಸಹಜ ಲಕ್ಷಣವನ್ನು ಕಂಡವರು ಅದನ್ನು ಯಾರಿಗೆ, ಎಷ್ಟು ಬೇಗ ಹೇಳಬಲ್ಲರು ಎಂಬ ಪ್ರಶ್ನೆ ಅದರ ಗದ್ದಲದಲ್ಲಿ ಹಿಂದೆ ಬಿದ್ದಿತು.

ಸುಧಾರಣೆಯ ದಾರಿಯಾಗಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆಯ ತಪಾಸಣಾಪಟ್ಟಿಯನ್ನು ನಮ್ಮ ರಾಜ್ಯದ್ದೇ ಒಂದು ಹೆರಿಗೆ ಕೇಂದ್ರದಲ್ಲಿ 2010ರಲ್ಲಿ ಪರೀಕ್ಷಿಸಲಾಯಿತು. ಪಾಲಿಸಬೇಕಾದ 29 ಕ್ರಮಗಳಲ್ಲಿ ಅದಕ್ಕೆ ಮೊದಲು ಸರಾಸರಿ 10 ನಡೆಯುತ್ತಿದ್ದುವು, ಬಳಿಕ 25. ಈ ಫಲದಿಂದ ಹುರುಪುಗೊಂಡು ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಮಿಕ್ಕ ಹೆರಿಗೆಗಳನ್ನೊಳಗೊಂಡ ದೊಡ್ಡ ಪ್ರಯೋಗ ನಡೆಯಿತು. ಅರ್ಧದಷ್ಟು ಕೇಂದ್ರಗಳಿಗೆ ಪಟ್ಟಿಯೂ ಮಾರ್ಗದರ್ಶನವೂ ದೊರೆತವು. 2017ರಲ್ಲಿ ಪ್ರಕಟವಾದ ಅದರ ಫಲಿತಾಂಶ ಕಹಿಯಾಗಿತ್ತು. ಕ್ರಮಪಾಲನೆ ಹೆಚ್ಚಿತು, ತಾಯಿಮಕ್ಕಳ ಸಾವು ಗಣನೀಯವಾಗಿ ಇಳಿಯಲಿಲ್ಲ. ಮಾರ್ಗದರ್ಶಕರು ಹೊರಟ ಮೇಲೆ ಪಾಲನೆಯೂ ಕುಗ್ಗಿತು. ಪಟ್ಟಿ ನಿಷ್ಪ್ರಯೋಜಕವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ನಮಗೆ ಅದರಲ್ಲಿ ಕಾಣುವ ಗುಣ ಬೇರೆ: ಪಟ್ಟಿಯನ್ನು ಗಟ್ಟಿಯಾಗಿ ಓದುವ ನರ್ಸು ವೈದ್ಯರನ್ನು ಪ್ರಶ್ನಿಸುವುದಿಲ್ಲ, ಕಾಗದ ಪ್ರಶ್ನಿಸುತ್ತದೆ; ಯಾರ ಮರ್ಯಾದೆಯೂ ಮುಕ್ಕಾಗದು. ಓದದೆ ಸಾಲುಸಾಲಿಗೆ ಟಿಕ್ ಹಾಕಿದರೆ ಆ ಗುಣ ಹೋಯಿತು.

ರಬಕವಿ-ಬನಹಟ್ಟಿಯ ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ನೇಕಾರ ಮಗ್ಗ ನಿಲ್ಲಿಸಿ ಕೂಡಿಸುತ್ತಾನೆ. ಮುಚ್ಚಿಟ್ಟರೆ ಬಟ್ಟೆಯೇ ಹೇಳುತ್ತದೆ. ವಾರ್ಡಿನಲ್ಲಿ ಕಡಿದ ಎಳೆ ಹಾಗೆ ಕಣ್ಣಿಗೆ ಬೀಳುವಂಥದಲ್ಲ, ಆದ್ದರಿಂದಲೇ ಈ ಪ್ರಶ್ನಾವಳಿಗಳು ಬೇಕಾಗಿವೆ. ಅವನ್ನು ಕನ್ನಡಕ್ಕೆ ತರುವವರು ಮೊದಲು ನರ್ಸು, ಆಯಾಗಳ ಬಳಿ ಕುಳಿತು, ಒಂದೊಂದು ವಾಕ್ಯವನ್ನೂ ಅವರ ಬಾಯಲ್ಲಿ ಹೇಳಿಸಿ ಕೇಳಲಿ. ವೈದ್ಯರ ಅಂಕವನ್ನೂ ಅವರ ಅಂಕವನ್ನೂ ಕಲಸಿ ಒಂದು ಸರಾಸರಿ ಮಾಡದೆ ಬೇರೆ ಬೇರೆಯಾಗಿ ಅಚ್ಚುಹಾಕಲಿ. ಆ ಎರಡರ ನಡುವಣ ಅಂತರವೇ ನಾವು ಮೊದಲು ಓದಬೇಕೆನ್ನುವ ಅಂಕಿ.