ಕಿರುಚರಿತ್ರೆಯೆಂಬ ಸಾಕ್ಷ್ಯ: ಯೂರೋಪಿನ ಕಲಾವಿದರ ಬದುಕನ್ನು ನಾವು ಬರೆಯುವ ಬಗೆ

ಸಭೆಗಳ ಶತಮಾನೋತ್ಸವ ಸಂಚಿಕೆಗಳಲ್ಲಿ, ಕ್ರಿಸ್ಮಸ್ ವಿಶೇಷಾಂಕಗಳಲ್ಲಿ, ಭಾನುವಾರ ಶಾಲೆಯ ಪಾಠಗಳಲ್ಲಿ ಯೂರೋಪಿನ ಚಿತ್ರಕಾರರ, ಸಂಗೀತರಚನಕಾರರ, ಶಿಲ್ಪಿಗಳ ಒಂದೂವರೆ ಪುಟದ ಚರಿತ್ರೆಗಳು ಪ್ರಕಟವಾಗುತ್ತಲೇ ಬಂದಿವೆ. ಹುಟ್ಟಿದ ಊರು, ಬಾಲ್ಯದ ಬಡತನ, ಎಳವೆಯಲ್ಲೇ ತೋರಿದ ಪ್ರತಿಭೆ, ಗುರುವಿನ ಬೆರಗು, ಮಹಾಕೃತಿ, ಮರಣ, ಕಡೆಯಲ್ಲಿ ಓದುಗನಿಗೊಂದು ಬುದ್ಧಿಮಾತು: ಇಷ್ಟು ಇದ್ದರೆ ಚರಿತ್ರೆ ಮುಗಿಯಿತು. ಇವು ವಿಮರ್ಶೆಗೆ ತಕ್ಕ ಬರಹಗಳೆಂದು ಎಣಿಸುವವರು ಕಡಿಮೆ. ಪುಟ ತುಂಬಿಸುವ ಬರಹಗಳೆಂದೇ ನಾವೂ ಬಹುಕಾಲ ತಿಳಿದಿದ್ದೆವು. ಈ ವರ್ಷ ಯಶವಂತಪುರ, ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಸಭೆಗಳಿಂದ ಬರುವ ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಗಳಲ್ಲಿದ್ದ ಇಂಥ ಬರಹಗಳನ್ನು ತರಗತಿಗೆ ತಂದು ಗಟ್ಟಿಯಾಗಿ ಓದಿದಾಗ ನಮ್ಮ ಎಣಿಕೆ ಬದಲಾಯಿತು. ಒಬ್ಬ ಮನುಷ್ಯನ ಕುರಿತು ಅವನಿಲ್ಲದಿರುವಾಗ ಸಭೆಯ ಮುಂದೆ ನುಡಿಯುವ ಮಾತು ಸಾಕ್ಷ್ಯವೇ ಸರಿ. ಸಾಕ್ಷ್ಯವಾದ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯ ಅಧೀನಕ್ಕೆ ಅದು ಬರಲೇಬೇಕು.

ಈ ಪ್ರಕಾರದ ಮೂಲಪುರುಷನೆಂದರೆ ಜಾರ್ಜಿಯೊ ವಸಾರಿ. ತಾನೂ ಚಿತ್ರಕಾರನಾಗಿದ್ದ ಅವನು 1550ರಲ್ಲಿ ಇಟಲಿಯ ಕಲಾವಿದರ ಚರಿತ್ರೆಗಳನ್ನು ಪ್ರಕಟಿಸಿ, 1568ರಲ್ಲಿ ಹಿಗ್ಗಿಸಿ ಮತ್ತೆ ಅಚ್ಚುಮಾಡಿಸಿದನು. ಕುರಿ ಕಾಯುತ್ತಿದ್ದ ಹುಡುಗ ಜೊತ್ತೊ ಕಲ್ಲಿನ ಮೇಲೆ ಕುರಿಯ ಚಿತ್ರ ಬರೆಯುತ್ತಿದ್ದುದನ್ನು ದಾರಿಹೋಕನಾದ ಹಿರಿಯ ಚಿತ್ರಕಾರ ಚಿಮಾಬುವೆ ಕಂಡು ಶಿಷ್ಯನನ್ನಾಗಿ ಮಾಡಿಕೊಂಡನೆಂಬ ಕಥೆ ಅವನ ಗ್ರಂಥದಿಂದಲೇ ಲೋಕಪ್ರಸಿದ್ಧವಾಯಿತು. ನಮ್ಮ ವಿದ್ಯಾರ್ಥಿಗಳು ತಂದ ಬರಹಗಳಲ್ಲಿ ಈ ಹುಡುಗ ಬೇರೆ ಬೇರೆ ಹೆಸರಿನಲ್ಲಿ ಮೂರು ಸಲ ಕಾಣಿಸಿಕೊಂಡನು. ಒಂದೆಡೆ ಕುರಿಯ ಬದಲು ಹಸು. ಇಂಥ ಕಥೆಯಿಂದ ಯಾರಿಗೂ ನಷ್ಟವಿಲ್ಲ, ಇರಲಿ. ಆದರೆ ಅದೇ ವಸಾರಿ ಆಂದ್ರೆಯಾ ದೆಲ್ ಕಾಸ್ತಾಞೊ ಎಂಬ ಚಿತ್ರಕಾರನು ಹೊಟ್ಟೆಕಿಚ್ಚಿನಿಂದ ತನ್ನ ಸ್ನೇಹಿತ ದೊಮೆನಿಕೊ ವೆನೆತ್ಸಿಯಾನೊನನ್ನು ಕೊಂದನೆಂದು ಬರೆದನು. ಕಾಸ್ತಾಞೊ 1457ರಲ್ಲಿ ಪ್ಲೇಗಿನಿಂದ ಸತ್ತವನು. ದೊಮೆನಿಕೊ ಸತ್ತದ್ದು 1461ರಲ್ಲಿ. ತನಗಿಂತ ನಾಲ್ಕು ವರ್ಷ ಹೆಚ್ಚು ಬದುಕಿದವನನ್ನು ಕೊಂದ ಅಪವಾದವನ್ನು ಆ ಸತ್ತ ಮನುಷ್ಯ ಮುನ್ನೂರು ವರ್ಷ ಹೊತ್ತನು. ಹತ್ತೊಂಬತ್ತನೆಯ ಶತಮಾನದಲ್ಲಿ ಹಳೆಯ ದಾಖಲೆಗಳು ಹೊರಬಂದ ಮೇಲಷ್ಟೇ ಅವನಿಗೆ ಬಿಡುಗಡೆಯಾಯಿತು. ಕಿರುಚರಿತ್ರೆಯ ಒಂದು ಪುಟಕ್ಕೆ ಇರುವ ಬಲ ಇಷ್ಟು.

ಕಲಾವಿದನ ಕಿರುಚರಿತ್ರೆ ವೇದಗ್ರಂಥದಲ್ಲಿಯೂ ಉಂಟು. ವಿಮೋಚನಕಾಂಡದ 31ನೆಯ ಮತ್ತು 35ನೆಯ ಅಧ್ಯಾಯಗಳಲ್ಲಿ ಬೆಚಲೇಲನ ಪರಿಚಯ ಕೆಲವೇ ವಚನಗಳಲ್ಲಿ ಮುಗಿಯುತ್ತದೆ: ತಂದೆಯ ಹೆಸರು, ತಾತನ ಹೆಸರು, ಕುಲ, ದೇವರಾತ್ಮನಿಂದ ಬಂದ ಜ್ಞಾನ, ಅನಂತರ ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರ. ಬಾಲ್ಯದ ಪವಾಡವಿಲ್ಲ, ಮರಣಶಯ್ಯೆಯ ಮಾತಿಲ್ಲ. ನಾವು ಗಮನಿಸಬೇಕಾದುದು ಮುಂದಿನದು. ಅವನ ಹೆಸರಿನ ಬೆನ್ನಿಗೇ ಒಹೊಲೀಯಾಬನ ಹೆಸರು ಬರುತ್ತದೆ. ಅವನ ಬೆನ್ನಿಗೆ ಜಾಣರಾದ ಕೆಲಸಗಾರರೆಲ್ಲರೂ ಬರುತ್ತಾರೆ. ನೂಲು ನೂತು ತಂದ ಹೆಂಗಸರೂ ಆಡಿನ ಕೂದಲನ್ನು ನೂತವರೂ ಮರೆಯಾಗುವುದಿಲ್ಲ. ದೇವದರ್ಶನದ ಗುಡಾರವು ಒಬ್ಬನ ಪ್ರತಿಭೆಯ ಫಲವೆಂದು ಆ ಗ್ರಂಥ ಒಮ್ಮೆಯೂ ಹೇಳುವುದಿಲ್ಲ. ಇಂಥ ಮಾದರಿ ಕೈಯಲ್ಲಿದ್ದೂ ನಾವು ವಸಾರಿಯ ಜಾಡನ್ನು ಹಿಡಿದೆವೆಂಬುದು ಸೋಜಿಗ.

ಕರ್ನಾಟಕದಲ್ಲಿ ಈ ಪ್ರಕಾರಕ್ಕೆ ಹೆಚ್ಚು ವಸ್ತು ಒದಗಿಸಿದವರು ಬ್ರದರ್ ಆಂತೋನಿಯೊ ಮೊಸ್ಕೇನಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ಕಂಡವರಾರೂ ಅವರನ್ನು ಮರೆಯಲಾರರು. 1854ರಲ್ಲಿ ಇಟಲಿಯ ಬೆರ್ಗಮೊ ಬಳಿಯ ಸ್ತೆತ್ಸಾನೊದಲ್ಲಿ ಹುಟ್ಟಿ, ಬೆರ್ಗಮೊದ ಕರ್ರಾರಾ ಅಕಾಡೆಮಿಯಲ್ಲಿ ಕಲಿತು, 1889ರಲ್ಲಿ ಯೇಸುಸಭೆಯನ್ನು ಸೇರಿದ ಅವರು ಮಂಗಳೂರಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. 1901ರ ಹೊತ್ತಿಗೆ ಗೋಡೆ, ಕಮಾನು, ಮಾಳಿಗೆಯನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ಗೋಡೆಗಳ ಮೇಲಿರುವುದು ಹಸಿಗಾರೆಯ ಚಿತ್ರ. ಮಾಳಿಗೆಯಲ್ಲಿ ಅಲೋಶಿಯಸ್ ಗೊಂಜಾಗನ ಬದುಕನ್ನು ಹೇಳುವ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣದವು. ಅಲ್ಲಿಂದ ಮುಂಬಯಿ, ಕೊಚ್ಚಿ. 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲಿಯೇ ತೀರಿಕೊಂಡರು; ಅವರು ಚಿತ್ರ ಬರೆದ ಅಲ್ಲಿನ ಸಾಂತಾ ಕ್ರೂಸ್ ದೇವಾಲಯದ ಪ್ರತಿಷ್ಠೆ ಅದಾದ ಕೆಲವೇ ದಿನಗಳ ಮೇಲೆ ನಡೆಯಿತು.

ನಾವು ಓದಿದ ಐದು ಬರಹಗಳಲ್ಲಿ ಈ ಸಂಗತಿಗಳು ಸರಿಸುಮಾರಾಗಿ ಇವೆ. ಐದರಲ್ಲಿಯೂ ಇರುವ ಇನ್ನೊಂದು ಮಾತೆಂದರೆ ಈ ಚಾಪೆಲು ರೋಮಿನ ಸಿಸ್ಟೈನ್ ಚಾಪೆಲಿಗೆ ಸಮ ಎಂಬುದು. ಹೊಗಳಿಕೆಯ ಹುಮ್ಮಸ್ಸಿನಲ್ಲಿ ಹೊರಟ ಈ ಹೋಲಿಕೆ ಮೊಸ್ಕೇನಿಯವರಿಗೆ ಅನ್ಯಾಯ ಮಾಡುತ್ತದೆಂಬುದು ನಮ್ಮ ಅಭಿಪ್ರಾಯ. ಮೈಕೆಲಾಂಜೆಲೊ 1508ರಿಂದ 1512ರವರೆಗೆ ಮಾಳಿಗೆಯಲ್ಲಿ ಬರೆದದ್ದು ಪೋಪರ ಖಾಸಗಿ ಪ್ರಾರ್ಥನಾಲಯಕ್ಕೆ. ಅಲ್ಲಿ ತಲೆಯೆತ್ತಿ ನೋಡುತ್ತಿದ್ದವರು ಕಾರ್ಡಿನಲ್‌ಗಳು, ರಾಯಭಾರಿಗಳು. ಮಂಗಳೂರಿನಲ್ಲಿ ತಲೆಯೆತ್ತಿ ನೋಡುವವರು ಕಾಲೇಜಿನ ಹುಡುಗರು. ಅವರ ನೆತ್ತಿಯ ಮೇಲಿರುವುದು ಸೃಷ್ಟಿಯ ಕಥೆಯಲ್ಲ, 23ನೆಯ ವಯಸ್ಸಿನಲ್ಲಿ ರೋಮಿನ ಪ್ಲೇಗುಪೀಡಿತರ ಶುಶ್ರೂಷೆ ಮಾಡಿ ತಾನೂ ಆ ರೋಗಕ್ಕೆ ತುತ್ತಾದ ಒಬ್ಬ ವಿದ್ಯಾರ್ಥಿಯ ಕಥೆ. ಅಲೋಶಿಯಸ್ ಸತ್ತದ್ದು 1591ರಲ್ಲಿ. ಮೊಸ್ಕೇನಿಯವರು ಬಂದ ಕಾಲದಲ್ಲಿ ಪ್ಲೇಗು ದೂರದ ಕಥೆಯಾಗಿರಲಿಲ್ಲ: 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು 1898ರಲ್ಲಿ ಬೆಂಗಳೂರನ್ನು ಮುಟ್ಟಿತ್ತು. ರೋಗಿಯನ್ನು ಎತ್ತಿಕೊಂಡ ತರುಣನ ಚಿತ್ರವನ್ನು ಅಂದಿನ ಹುಡುಗರು ಯಾವ ಕಣ್ಣಿನಿಂದ ನೋಡಿರಬೇಕೆಂಬುದನ್ನು ಈ ಐವರು ಚರಿತ್ರಕಾರರಲ್ಲಿ ಒಬ್ಬರೂ ಕೇಳಿಕೊಂಡಿಲ್ಲ. ಸಿಸ್ಟೈನ್ ಎಂಬ ಒಂದು ಪದ ಕೈಗೆ ಸಿಕ್ಕಿದೊಡನೆ ಅವರ ಕಣ್ಣು ಮಂಗಳೂರನ್ನು ಬಿಟ್ಟು ರೋಮಿಗೆ ಹೋಯಿತು.

ಹಸಿಗಾರೆಯ ಚಿತ್ರಕ್ಕೆ ಸಂಬಂಧಿಸಿ ಇನ್ನೂ ಒಂದು ಮಾತು. ಈ ಕೆಲಸದ ಬಗೆ ತಿಳಿದವರು ಇದನ್ನು ಏಕಾಂಗಿಯ ಸಾಹಸವೆಂದು ಬರೆಯಲಾರರು. ಒಂದು ದಿನಕ್ಕೆ ಬೇಕಾದಷ್ಟು ಗೋಡೆಗೆ ಮಾತ್ರ ಅಂದಂದಿಗೆ ಸುಣ್ಣದ ಗಾರೆ ಬಳಿಯಬೇಕು. ಅದು ಒಣಗುವ ಮೊದಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಿ ಮುಗಿಸಬೇಕು. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುವಾಗ ಬಣ್ಣದ ಕಣಗಳನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಗಾರೆ ಹೆಚ್ಚು ಹಸಿಯಾದರೆ ಬಣ್ಣ ಹರಡುತ್ತದೆ, ಒಣಗಿದರೆ ಹತ್ತುವುದಿಲ್ಲ, ತಪ್ಪಾದರೆ ಕಿತ್ತು ಮತ್ತೆ ಬಳಿಯಬೇಕು. ಕರಾವಳಿಯ ಮಳೆಗಾಲದ ತೇವದಲ್ಲಿ ಈ ಲೆಕ್ಕಾಚಾರ ಎಷ್ಟು ಸೂಕ್ಷ್ಮವೆಂಬುದನ್ನು ಮಂಗಳೂರಿನಲ್ಲಿ ಒಂದು ಆಷಾಢ ಕಳೆದವರಿಗೆ ಹೇಳಬೇಕಾಗಿಲ್ಲ. ಸುಣ್ಣ ಕಲಸುವವರು, ಸಾರುವೆ ಕಟ್ಟುವವರು, ಮುಂಜಾನೆ ಗಾರೆ ಬಳಿಯುವವರು ಇಲ್ಲದೆ ಕುಂಚಕ್ಕೆ ಕೆಲಸವೇ ಇಲ್ಲ. ಐದು ಬರಹಗಳಲ್ಲಿ ಅವರಿಗೆ ಒಂದು ವಾಕ್ಯವೂ ಸಂದಿಲ್ಲ. ಮೊಸ್ಕೇನಿಯವರು ಗುರುಪಟ್ಟ ಪಡೆದವರಲ್ಲ, ಕೈಕೆಲಸದಿಂದ ಸೇವೆ ಸಲ್ಲಿಸುವ ಬ್ರದರ್ ಆಗಿ ಉಳಿದವರು. ತಮ್ಮ ಕೆಲಸಕ್ಕೆ ತಾವೇ ಊರು ಆರಿಸಿಕೊಂಡವರೂ ಅಲ್ಲ, ಕಳುಹಿಸಿದೆಡೆಗೆ ಹೋದರು. ಅಂಥವರನ್ನು ಒಂಟಿ ಮಹಾಪ್ರತಿಭೆಯ ಪೀಠದಲ್ಲಿ ಕೂರಿಸುವುದೆಂದರೆ ಅವರು ತೊಟ್ಟ ಬಟ್ಟೆಯನ್ನೇ ಕಳಚಿ ಬೇರೆಯದನ್ನು ತೊಡಿಸಿದಂತೆ.

ಸಂಗೀತಗಾರರ ವಿಷಯದಲ್ಲಿ ದೋಷ ಬೇರೆ ಬಗೆಯದು. ಯೊಹಾನ್ ಸೆಬಾಸ್ಟಿಯನ್ ಬಾಖ್ ಕುರಿತ ಬರಹಗಳಲ್ಲಿ, ಅವನು ತನ್ನ ಎಷ್ಟೋ ಕೃತಿಗಳ ಕೊನೆಯಲ್ಲಿ ದೇವರಿಗೆ ಮಾತ್ರ ಮಹಿಮೆ ಎಂಬರ್ಥದ ಮೂರು ಅಕ್ಷರ ಬರೆಯುತ್ತಿದ್ದನೆಂಬುದು ತಪ್ಪದೆ ಬರುತ್ತದೆ, ಬರಲಿ. ಅದೇ ಬಾಖ್ 1717ರಲ್ಲಿ ಕೆಲಸ ಬಿಡುವ ಹಟಕ್ಕಾಗಿ ವೈಮಾರಿನಲ್ಲಿ ಸುಮಾರು ಒಂದು ತಿಂಗಳು ಸೆರೆಯಲ್ಲಿದ್ದನು. ಲೈಪ್‌ಜಿಗ್ ನಗರಸಭೆಯೊಡನೆ ವರ್ಷಗಟ್ಟಲೆ ಜಗಳವಾಡಿದನು. ಇಪ್ಪತ್ತು ಮಕ್ಕಳಲ್ಲಿ ಹತ್ತು ಮಕ್ಕಳನ್ನು ಎಳವೆಯಲ್ಲೇ ಮಣ್ಣುಮಾಡಿದನು. ಆ ಮೂರು ಅಕ್ಷರಗಳ ತೂಕ ತಿಳಿಯುವುದು ಈ ಹತ್ತು ಸಮಾಧಿಗಳನ್ನು ಕಂಡ ಮೇಲೆಯೇ. ನಮ್ಮವರು ಅಕ್ಷರಗಳನ್ನು ಇಟ್ಟುಕೊಂಡು ಸಮಾಧಿಗಳನ್ನು ಬಿಟ್ಟರು.

ಬಿಡುವುದೇ ಪಾಪವಾಗುವ ಪ್ರಸಂಗವೂ ಉಂಟು. ಇಂಗ್ಲೆಂಡಿನ ಶಿಲ್ಪಿ, ಅಕ್ಷರವಿನ್ಯಾಸಕಾರ ಎರಿಕ್ ಗಿಲ್ 1913ರಲ್ಲಿ ಕಥೋಲಿಕ ಸಭೆಯನ್ನು ಸೇರಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕಥೀಡ್ರಲಿನಲ್ಲಿ ಶಿಲುಬೆಯ ಹಾದಿಯ ಹದಿನಾಲ್ಕು ಶಿಲ್ಪಗಳನ್ನು ಕೆತ್ತಿದನು. ಅವನ ಹೆಸರಿನ ಅಚ್ಚಿನ ಅಕ್ಷರ ಇಂದಿಗೂ ಲೋಕದ ತುಂಬ ಬಳಕೆಯಲ್ಲಿದೆ. ಆನಂದ ಕುಮಾರಸ್ವಾಮಿಯವರ ಸ್ನೇಹದಿಂದ ಭಾರತದ ಶಿಲ್ಪವನ್ನು ಮೆಚ್ಚಿದವನಾದುದರಿಂದ ನಮ್ಮ ದೈವಶಾಸ್ತ್ರಜ್ಞರಿಗೂ ಅವನು ಪ್ರಿಯನು. 1940ರಲ್ಲಿ ಸತ್ತ ಅವನು ತನ್ನ ಹೆಣ್ಣುಮಕ್ಕಳ ಮೇಲೆಯೇ ಲೈಂಗಿಕ ದೌರ್ಜನ್ಯ ನಡೆಸಿದ್ದನೆಂಬುದು, ಅವನದೇ ದಿನಚರಿಯನ್ನು ಆಧರಿಸಿ ಫಿಯೋನಾ ಮೆಕಾರ್ಥಿ 1989ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಿಂದ ಲೋಕಕ್ಕೆ ತಿಳಿಯಿತು. ಅದಾಗಿ ಮೂವತ್ತೈದು ವರ್ಷಗಳ ಮೇಲೂ ಅವನನ್ನು ಕಾರ್ಮಿಕ ಭಕ್ತಿಯ ಮಾದರಿಯೆಂದು ಮಾತ್ರ ಪರಿಚಯಿಸುವ ಟಿಪ್ಪಣಿಯೊಂದು ನಮ್ಮ ಕೈಗೆ ಬಂತು. ಬರೆದವರು ಸಜ್ಜನರು, ಪುಟ ಚಿಕ್ಕದು, ಎಲ್ಲವನ್ನೂ ಹೇಳಲಾಗದು ಎಂಬುದು ಅವರ ಸಮಾಧಾನ.

ಈ ಸಮಾಧಾನವನ್ನು ನಾವು ಒಪ್ಪಲಾರೆವು. ಮತ್ತಾಯನು ಬರೆದ ವಂಶಾವಳಿಗಿಂತ ಚಿಕ್ಕದಾದ ಚರಿತ್ರೆ ಯಾವುದಿದೆ? ಹದಿನೇಳು ವಚನಗಳಲ್ಲಿ ನಲವತ್ತಕ್ಕೂ ಹೆಚ್ಚು ಹೆಸರುಗಳು ಬರುವ ಆ ಇಕ್ಕಟ್ಟಿನಲ್ಲಿಯೂ ಸೊಲೊಮೋನನ ತಾಯಿ ಊರೀಯನ ಹೆಂಡತಿಯಾಗಿದ್ದವಳೆಂಬುದಕ್ಕೆ ಅವನು ಜಾಗ ಮಾಡಿದನು. ದಾವೀದನ ಹೆಸರನ್ನು ಅವನು ಅಳಿಸಲಿಲ್ಲ, ಕೀರ್ತನೆಗಳನ್ನು ಯಾರೂ ಹಾಡಬಾರದೆನ್ನಲಿಲ್ಲ. ಕೊಲ್ಲಿಸಲ್ಪಟ್ಟ ಗಂಡನ ಹೆಸರನ್ನು ಮಾತ್ರ ಮೆಸ್ಸೀಯನ ವಂಶಾವಳಿಯಲ್ಲಿಯೇ ನಿಲ್ಲಿಸಿದನು. ಗಿಲ್ಲನ ಶಿಲ್ಪಗಳ ಮುಂದೆ ಪ್ರಾರ್ಥಿಸಬಹುದೇ ಎಂಬುದು ಕಷ್ಟದ ಪ್ರಶ್ನೆ, ನಮ್ಮ ತರಗತಿ ಅದರಲ್ಲಿ ಒಮ್ಮತಕ್ಕೆ ಬರಲಿಲ್ಲ. ಅವನ ಚರಿತ್ರೆಯಲ್ಲಿ ಆ ಹೆಣ್ಣುಮಕ್ಕಳಿಗೆ ಒಂದು ವಾಕ್ಯ ಬೇಕೇ ಎಂಬುದು ಕಷ್ಟದ ಪ್ರಶ್ನೆಯಲ್ಲ. ಚರಿತ್ರೆಯನ್ನು ಸಭೆಯಲ್ಲಿ ಓದುವಾಗ ಅಂಥದೇ ನೋವನ್ನು ಮುಚ್ಚಿಟ್ಟುಕೊಂಡ ಹುಡುಗಿಯೊಬ್ಬಳು ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ನಮ್ಮ ಮೌನವನ್ನು ಅವಳು ತೀರ್ಪೆಂದು ಕೇಳಿಸಿಕೊಳ್ಳುತ್ತಾಳೆ.

ಇನ್ನು ನಮ್ಮ ನೆರೆಹೊರೆಯ ಮಾತು. ಬೆಂಗಳೂರಿನಲ್ಲಿ ಬಾಳಿದ ಯೂರೋಪಿನ ಕಲಾಕುಶಲರ ಪಟ್ಟಿಯೊಂದು ಆ ಬರಹಗಳ ನಡುವೆ ಇತ್ತು. ಲಾಲ್‌ಬಾಗನ್ನು ರೂಪಿಸಿದ ಕ್ರುಂಬಿಗೆಲ್ ಅದರಲ್ಲಿದ್ದರು: 1865ರಲ್ಲಿ ಡ್ರೆಸ್ಡನ್ ಬಳಿ ಹುಟ್ಟಿ, ಬರೋಡೆಯಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಯಾವುದಾದರೊಂದು ಬೀದಿ ಹೂ ಬಿಟ್ಟಿರುವಂತೆ ಮರ ನೆಡಿಸಿ, 1956ರಲ್ಲಿ ಇಲ್ಲಿಯೇ ಮಣ್ಣಾದವರು. ಆಟೊ ಕ್ಯೋನಿಗ್ಸ್‌ಬರ್ಗರ್ ಇರಲಿಲ್ಲ. ಯಶವಂತಪುರದಿಂದ ಮಲ್ಲೇಶ್ವರದ ಕಡೆಗೆ ಹೋಗುವವರು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮರಗಳನ್ನು ದಿನವೂ ಕಾಣುತ್ತಾರೆ. ಆ ಮರಗಳ ಹಿಂದೆ ವಿಮಾನಶಾಸ್ತ್ರ ವಿಭಾಗದ ಕಟ್ಟಡವೂ ಊಟದ ಶಾಲೆಯೂ ಸೇರಿ ಹಲವು ಕಟ್ಟಡಗಳು ಈ ಮನುಷ್ಯನ ವಿನ್ಯಾಸ. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯೆಹೂದ್ಯ. 1933ರಲ್ಲಿ ನಾಜಿಗಳು ಕೆಲಸದಿಂದ ತೆಗೆದರು. ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾದರು. ಅದೇ ಸಂಸ್ಥೆಯಲ್ಲಿ 1935-36ರಲ್ಲಿ ಸಿ.ವಿ. ರಾಮನ್ನರ ಆಹ್ವಾನದ ಮೇರೆಗೆ ಇದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರು ಇವರ ಸೋದರಮಾವ. ಅವರೂ 1933ರಲ್ಲಿ ಜರ್ಮನಿ ಬಿಡಬೇಕಾಗಿ ಬಂದವರೇ. ಬಿಸಿಲಿಗೆ ನೆರಳು, ಕೋಣೆಗೆ ಅಡ್ಡಗಾಳಿ ಇವನ್ನು ಮೊದಲು ಲೆಕ್ಕಹಾಕಿ ಆಮೇಲೆ ಗೋಡೆ ಎಬ್ಬಿಸುವ ವಿದ್ಯೆಯನ್ನು ಕ್ಯೋನಿಗ್ಸ್‌ಬರ್ಗರ್ ಇಲ್ಲಿ ಪಳಗಿಸಿಕೊಂಡು, ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ದೇಶಗಳ ವಾಸ್ತುಶಿಲ್ಪಿಗಳಿಗೆ ಬೋಧಿಸಿದರು. 1999ರಲ್ಲಿ ತೀರಿಕೊಂಡರು.

ಪಟ್ಟಿಯಲ್ಲಿ ಇವರೇಕಿಲ್ಲವೆಂದು ಕೇಳಿದಾಗ ತಂದ ವಿದ್ಯಾರ್ಥಿ ತಲೆಬರಹವನ್ನು ತೋರಿಸಿದರು: ಕ್ರೈಸ್ತ ಕಲಾವಿದರು. ಉತ್ತರ ನ್ಯಾಯವಾಗಿಯೇ ಇದೆ. ಆದರೆ ಕ್ಯೋನಿಗ್ಸ್‌ಬರ್ಗರರನ್ನು ಊರಿನಿಂದ ಓಡಿಸಿದ ಅಧಿಕಾರಿಗಳಲ್ಲಿ ಬಹುಮಂದಿ ದೀಕ್ಷಾಸ್ನಾನ ಪಡೆದವರಾಗಿದ್ದರು, ಹಬ್ಬದಲ್ಲಿ ಬಾಖನ ಸಂಗೀತವನ್ನು ಕೇಳಿ ಕಣ್ಣೊರೆಸಿಕೊಂಡವರಾಗಿದ್ದರು. ಬಾಖನನ್ನು ನಮ್ಮವನೆಂದು ಬರೆದುಕೊಳ್ಳುವ ಪಟ್ಟಿ, ಆ ಸಂಗೀತದ ನಾಡಿನಿಂದ ಹೊರದಬ್ಬಲ್ಪಟ್ಟು ನಮ್ಮ ಬೀದಿಗೆ ಬಂದವನನ್ನು ಹೊರಗಿನವನೆಂದು ಬಿಟ್ಟರೆ, ಅದು ಕಲೆಯ ಚರಿತ್ರೆಯೂ ಆಗದು, ಸಭೆಯ ಚರಿತ್ರೆಯೂ ಆಗದು. ಅಂದಹಾಗೆ, ಬೆಚಲೇಲನು ಯಾವ ಜನಾಂಗದವನೆಂಬುದನ್ನು ಆ ತಲೆಬರಹ ಕೊಟ್ಟವರು ಮರೆತಂತಿದೆ.

ಪದಗಳ ಮಿತಿಯನ್ನು ಸಡಿಲಿಸದೆಯೇ ಮೊಸ್ಕೇನಿಯವರ ಚರಿತ್ರೆಯನ್ನು ಮತ್ತೆ ಬರೆಯಿರೆಂದು ನಾವು ತರಗತಿಗೆ ಹೇಳಿದೆವು: ಮುನ್ನೂರು ಪದ, ಒಂದೂ ಹೆಚ್ಚಲ್ಲ. ಹೆಚ್ಚಿನವರು ಸಿಸ್ಟೈನನ್ನು ಬಿಟ್ಟರು, ಬುದ್ಧಿಮಾತನ್ನು ಬಿಡಲಾರದೆ ಹೋದರು. ತಂದೆ ಗಾರೆಕೆಲಸದವರಾಗಿದ್ದ ಯಲಹಂಕದ ವಿದ್ಯಾರ್ಥಿನಿಯೊಬ್ಬರ ಬರಹ ಬೆಳಗಿನ ಜಾವದಲ್ಲಿ ಆರಂಭವಾಗುತ್ತದೆ: ಸಾರುವೆಯ ಮೇಲೆ ಇಬ್ಬರು ಅಂದಿನ ಗಾರೆಯನ್ನು ನಯಮಾಡುತ್ತಿದ್ದಾರೆ, ಇಟಲಿಯ ಬ್ರದರ್ ಕೆಳಗೆ ಬಣ್ಣ ಅರೆಯುತ್ತ ಕಾಯುತ್ತಿದ್ದಾರೆ. ಸ್ತೆತ್ಸಾನೊ ಎಂಬ ಊರಿನ ಹೆಸರು ಬರುವುದು ಎರಡನೆಯ ಪರಿಚ್ಛೇದದಲ್ಲಿ. ಕರ್ರಾರಾ ಅಕಾಡೆಮಿಗೆ ಜಾಗ ಸಾಲದೆ ಹೋಯಿತೆಂದು ಅವರು ಅಂಚಿನಲ್ಲಿ ಕ್ಷಮೆ ಕೇಳಿದ್ದರು. ನಾವು ಅದರ ಕೆಳಗೆ ಅಡ್ಡಿಯಿಲ್ಲವೆಂದು ಬರೆದು, ಸಾರುವೆ ಎಂಬ ಪದದ ಕಾಗುಣಿತವನ್ನು ಮಾತ್ರ ತಿದ್ದಿ ಹಿಂದಿರುಗಿಸಿದೆವು.