ಲಾಕೀಷಿಗೆ ಬಾರದ ದೂತ

ಶತ್ರುಗಳ ಕೈಯಿಂದ ದೇವರು ಕಾಪಾಡಿದ ಕಥೆಗಳಿಗೆ ಹೀಬ್ರೂ ಧರ್ಮಗ್ರಂಥಗಳಲ್ಲಿ ಬರವಿಲ್ಲ. ಆದರೆ ಆ ನಂಬಿಕೆಯ ಕಸುವನ್ನೂ ತೊಡಕನ್ನೂ ಒಂದೇ ಕಡೆ ಕಾಣಬೇಕೆಂದರೆ ಅರಸುಗಳು ಎರಡನೆಯ ಭಾಗದ 18 ಮತ್ತು 19ನೇ ಅಧ್ಯಾಯಗಳನ್ನು ಓದಬೇಕು. ಕಾಲ ಕ್ರಿ.ಪೂ. 701. ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಕೋಟೆಗಳನ್ನು ಹಿಡಿದು ಯೆರೂಸಲೇಮಿನ ಬಾಗಿಲಿಗೆ ದಂಡು ಕಳಿಸಿದ್ದಾನೆ. ಯೆಹೂದದ ಅರಸ ಹಿಜ್ಕೀಯ ದೇವಾಲಯದಲ್ಲಿ ಮೊರೆಯಿಡುತ್ತಾನೆ. ಒಂದೇ ರಾತ್ರಿಯಲ್ಲಿ ಯೆಹೋವನ ದೂತ ಶತ್ರುಪಾಳೆಯದ 1,85,000 ಮಂದಿಯನ್ನು ಸಂಹರಿಸುತ್ತಾನೆ.

ಇಷ್ಟು ದೊಡ್ಡ ಪವಾಡಕ್ಕೆ ಕಥೆಗಾರ ಕೊಟ್ಟಿರುವುದು ಒಂದೇ ವಚನ. ಅದರ ಎಷ್ಟೋ ಪಟ್ಟು ಜಾಗವನ್ನು ಶತ್ರುವಿನ ಮಾತಿಗೆ ಬಿಟ್ಟಿದ್ದಾನೆ. ಅಶ್ಶೂರದ ಅಧಿಕಾರಿ ರಬ್ಷಾಕೆ ಮೇಲಿನ ಕೆರೆಯ ಕಾಲುವೆಯ ಬಳಿ ನಿಂತು ಊರಿಗೆಲ್ಲ ಕೇಳುವಂತೆ ಕೂಗುತ್ತಾನೆ. ಗೋಡೆಯ ಮೇಲಿರುವ ಜನಕ್ಕೆ ತಿಳಿಯದಿರಲಿ, ಅರಾಮ್ಯದಲ್ಲಿ ಮಾತಾಡು ಎಂದು ಹಿಜ್ಕೀಯನ ಮಂತ್ರಿಗಳು ಬೇಡಿಕೊಂಡರೆ, ಅವನು ಬೇಕೆಂದೇ ಜನರ ಭಾಷೆಯಲ್ಲೇ ದನಿ ಏರಿಸುತ್ತಾನೆ. ಎರಡು ಸಾವಿರ ಕುದುರೆ ಕೊಡುತ್ತೇನೆ, ಹತ್ತಲು ಸವಾರರು ನಿಮ್ಮಲ್ಲಿದ್ದಾರೆಯೇ ಎಂದು ಕೆಣಕುತ್ತಾನೆ. ಯೆಹೋವನ ಪೂಜಾಸ್ಥಳಗಳನ್ನು ಕೆಡವಿಸಿದವನು ನಿಮ್ಮ ಅರಸನೇ ಅಲ್ಲವೇ ಎನ್ನುತ್ತಾನೆ. ಈ ನಾಡನ್ನು ಹಾಳುಮಾಡು ಎಂದು ನನ್ನನ್ನು ಕಳಿಸಿದವನು ಯೆಹೋವನೇ ಎಂದೂ ಸೇರಿಸುತ್ತಾನೆ. ಬರೀ ಖಳನ ಬಡಾಯಿ ಇದಲ್ಲ. ಒಳಗಿದ್ದವರ ಎದೆಯಲ್ಲೇ ಕುದಿಯುತ್ತಿದ್ದ ಅನುಮಾನಗಳಿಗೆ ಅವನು ಬಾಯಿ ಕೊಟ್ಟಿದ್ದಾನೆ. ಎದುರಾಳಿಗೆ ಇಂಥ ಮಾತು ಬರೆದುಕೊಡಲು ಲೇಖಕನಿಗೆ ಎದೆಗಾರಿಕೆ ಬೇಕು.

ಇನ್ನೊಂದು ಮುಜುಗರದ ಸಂಗತಿಯನ್ನೂ ಅವನು ಅಳಿಸಿಲ್ಲ. ಪವಾಡಕ್ಕೂ ಮೊದಲೇ ಹಿಜ್ಕೀಯ ತಪ್ಪೊಪ್ಪಿಕೊಂಡು 300 ತಲಾಂತು ಬೆಳ್ಳಿ, 30 ತಲಾಂತು ಬಂಗಾರ ಕಪ್ಪ ಕಟ್ಟಲು ಒಪ್ಪಿ, ದೇವಾಲಯದ ಬಾಗಿಲುಗಳ ಬಂಗಾರವನ್ನು ಕಿತ್ತು ಕೊಟ್ಟಿದ್ದ. ಸನ್ಹೇರೀಬನ ಶಾಸನದಲ್ಲೂ ಬಂಗಾರದ ಲೆಕ್ಕ 30 ತಲಾಂತೇ. ಬೆಳ್ಳಿ ಮಾತ್ರ 800. ಯೆರೂಸಲೇಮನ್ನು ಗೆದ್ದೆನೆಂದು ಆ ಶಾಸನ ಹೇಳುವುದಿಲ್ಲ, ಸೈನ್ಯ ಸತ್ತಿತೆಂದೂ ಹೇಳುವುದಿಲ್ಲ. ಇದೇ ಕಥೆ ಯೆಶಾಯನ ಗ್ರಂಥಕ್ಕೆ ಬರುವಾಗ ಕಪ್ಪದ ವಚನಗಳು ಮಾಯವಾಗಿವೆ. ಪೂರ್ವಕಾಲವೃತ್ತಾಂತದಲ್ಲಂತೂ ಹಿಜ್ಕೀಯ ಅಳುಕಿಲ್ಲದ ವೀರ. ಭಕ್ತಿ ಹೆಚ್ಚಿದಂತೆ ಕಥೆ ಸಪ್ಪೆಯಾಗಿದೆ.

ಆದರೂ ಅರಸುಗಳ ಕಥೆಗಾರನ ಮೇಲೆ ನನ್ನದೊಂದು ತಕರಾರಿದೆ. ಲಾಕೀಷ್ ಅವನಿಗೆ ಸನ್ಹೇರೀಬ ಬೀಡುಬಿಟ್ಟ ಊರು, ಅಷ್ಟೇ. ಯೆಹೂದದ ಆ ಮುಖ್ಯ ಕೋಟೆ ಏನಾಯಿತೆಂದು ತೋರಿಸುವುದು ನಿನೆವೆಯ ಅರಮನೆಯ ಗೋಡೆಗೆ ಸನ್ಹೇರೀಬ ಕೆತ್ತಿಸಿದ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಉಬ್ಬುಶಿಲ್ಪಗಳು. ಕೋಟೆಗೆ ಏರಿಸಿದ ಮಣ್ಣಿನ ದಿಬ್ಬ, ಶೂಲಕ್ಕೇರಿಸಿದ ಸೆರೆಯಾಳುಗಳು, ಎತ್ತಿನ ಗಾಡಿಯಲ್ಲಿ ಗಂಟುಮೂಟೆ, ಅದರ ಮೇಲೆ ಹೆಂಗಸರು ಮಕ್ಕಳು. 46 ಕೋಟೆಗಳನ್ನು ಹಿಡಿದು 2,00,150 ಜನರನ್ನು ಹೊರಡಿಸಿದೆ ಎಂದು ಶಾಸನ ಕೊಚ್ಚಿಕೊಳ್ಳುತ್ತದೆ. ಅಂಕಿ ಉಬ್ಬಿಸಿದ್ದೇ ಇರಬಹುದು, ಗಾಡಿಗಳು ಹೋದದ್ದು ಸುಳ್ಳಲ್ಲ. ಅವರೂ ಯೆಹೋವನ ಜನರೇ. ಅವರ ಮೊರೆ ಏಕೆ ಮುಟ್ಟಲಿಲ್ಲ ಎಂಬ ಪ್ರಶ್ನೆ ಈ ಎರಡು ಅಧ್ಯಾಯಗಳಲ್ಲಿ ಏಳುವುದೇ ಇಲ್ಲ.

ಅದನ್ನು ಎತ್ತಿದವರು ಬೇರೆ ಪುಟಗಳಲ್ಲಿದ್ದಾರೆ. 44ನೇ ಕೀರ್ತನೆ, ನಾವು ಒಡಂಬಡಿಕೆ ಮುರಿಯಲಿಲ್ಲ, ಆದರೂ ಕೊಯ್ಯುವ ಕುರಿಗಳಂತಾದೆವು ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತದೆ. ಪ್ರಲಾಪಗಳಲ್ಲಿ ದೇವರೇ ಶತ್ರು.

ಸನ್ಹೇರೀಬ ಮರಳಿ ಹೋಗಿ ಸುಮಾರು ನೂರು ವರ್ಷದ ಮೇಲೆ, ಈ ಊರೂ ದೇವಾಲಯವೂ ಹಾಳಾಗುತ್ತವೆ ಎಂದ ಪ್ರವಾದಿ ಯೆರೆಮೀಯನನ್ನು ಕೊಲ್ಲಬೇಕೆಂದು ಯಾಜಕರು ಹಠ ಹಿಡಿದರು. ಆಗ ಹಿರಿಯರು ಎದ್ದು ಹಿಜ್ಕೀಯನ ಕಾಲವನ್ನು ನೆನಪಿಸಿದರು. ಅವರು ನೆನೆದದ್ದು ದೂತನನ್ನಲ್ಲ. ಮೀಕ ಎಂಬ ಪ್ರವಾದಿ ಅಂದು ಇದೇ ಮಾತು ಹೇಳಿದಾಗ ಅರಸ ಅವನನ್ನು ಕೊಲ್ಲಲಿಲ್ಲ, ದೇವರಿಗೆ ಅಂಜಿ ನಡೆದ ಎಂಬುದನ್ನು. ಯೆರೆಮೀಯ ಜನರ ಕೈಗೆ ಬೀಳದಂತೆ ಕಾದವನು ಶಾಫಾನನ ಮಗ ಅಹೀಕಾಮ, ಆಸ್ಥಾನದ ಒಬ್ಬ ಅಧಿಕಾರಿ. ಅದೇ ಮಾತನ್ನಾಡಿದ ಊರೀಯ ಎಂಬ ಇನ್ನೊಬ್ಬ ಪ್ರವಾದಿ ಐಗುಪ್ತಕ್ಕೆ ಓಡಿದ್ದ. ಅವನನ್ನು ಹಿಡಿತರಿಸಿ ಕತ್ತಿಯಿಂದ ಕೊಂದರು.